ಗ್ಲೆನ್‌ಕಾಲಮ್‌ಕಿಲ್‌ನ ಹುಲ್ಲಿನ ಮನೆಗಳು: ಅರ್ಧ ದಿನವಾದರೂ ಇಟ್ಟುಕೊಂಡು ಹೋಗಿ

ಅಮ್ಮ ಒಳಗೆ ಕಾಲಿಟ್ಟವಳೇ ಮೊದಲು ಕತ್ತೆತ್ತಿ ಮಾಡು ನೋಡಿದಳು. ಆಮೇಲೆ ಒಲೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಹುಲ್ಲು ಎಷ್ಟು ವರ್ಷಕ್ಕೊಂದು ಸಲ ಹೊದಿಸ್ತಾರಂತೆ, ಕೇಳೇ" ಅಂದಳು.

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಗೈಡ್ ಹೆಂಗಸಿನ ಮುಖ ಅರಳಿತು. ಹೇಳುತ್ತಿದ್ದ ಕತೆಯನ್ನು ಅಲ್ಲಿಗೇ ಬಿಟ್ಟು ನಮ್ಮಿಬ್ಬರನ್ನು ಮನೆಯ ಹೊರಗೆ ಕರೆದುಕೊಂಡು ಹೋದರು. ಗೋಡೆಯ ಮೇಲ್ತುದಿಯಲ್ಲಿ, ಸೂರಿನ ಕೆಳಗೆ, ಸಾಲಾಗಿ ಕಲ್ಲಿನ ಗೂಟಗಳು ಹೊರಗೆ ಚಾಚಿಕೊಂಡಿದ್ದವು. ಮಾಡಿನ ಮೇಲೆ ಬಲೆಯ ಹಾಗೆ ಹಗ್ಗ ಹಾಯಿಸಿ ಆ ಗೂಟಗಳಿಗೆ ಬಿಗಿದಿದ್ದರು. ಎದುರಿಗೇ ಅಟ್ಲಾಂಟಿಕ್ ಸಮುದ್ರ. ಹಗ್ಗ ಕಟ್ಟದಿದ್ದರೆ ಒಂದೇ ರಾತ್ರಿಯ ಗಾಳಿಗೆ ಹುಲ್ಲೆಲ್ಲ ಹಾರಿಹೋಗುತ್ತದೆ. ಮಾಡಿನ ನೆತ್ತಿ ಚೂಪಾಗಿರದೆ ಗುಂಡಗಿರುವುದೂ ಗಾಳಿ ಜಾರಿಹೋಗಲಿ ಅಂತಲೇ. ವರ್ಷವೂ ಅಲ್ಲಲ್ಲಿ ತೇಪೆ ಹಾಕುತ್ತಲೇ ಇರಬೇಕು ಎಂದರು. ಅಮ್ಮ ಹಗ್ಗದ ಗಂಟನ್ನು ಬೆರಳಿನಿಂದ ಒತ್ತಿ ನೋಡಿ, ಸರಿಯಾಗಿದೆ ಅನ್ನೋ ಹಾಗೆ ತಲೆಯಾಡಿಸಿದಳು.

ಇದು ಐರ್ಲೆಂಡಿನ ವಾಯುವ್ಯ ಮೂಲೆಯಲ್ಲಿರುವ ಡೊನೆಗಾಲ್ ಜಿಲ್ಲೆಯ ಗ್ಲೆನ್‌ಕಾಲಮ್‌ಕಿಲ್ ಅನ್ನೋ ಹಳ್ಳಿ. ಅಲ್ಲಿ ಸಮುದ್ರದ ದಂಡೆಗೆ ಇಳಿಯುವ ಇಳಿಜಾರಿನಲ್ಲಿ ಒಂದಿಷ್ಟು ಹುಲ್ಲಿನ ಮನೆಗಳಿವೆ. ಫೋಕ್ ವಿಲೇಜ್ ಅಂತ ಹೆಸರು. ನಾನು ಬರೆಯುತ್ತಿರುವುದು ಅದರ ಬಗ್ಗೆ. ಎರಡು ಸಲ ಹೋಗಿದ್ದೇನೆ. ಮೊದಲನೇ ಸಲ ಹೋದದ್ದು ಹೋದ ಹಾಗೇ ಅಲ್ಲ.

ನಾನು ಇದೇ ಜಿಲ್ಲೆಯ ಲೆಟರ್‌ಕೆನಿ ಪಟ್ಟಣದಲ್ಲಿ ನರ್ಸ್. ಬಂದ ಹೊಸದರಲ್ಲಿ, ರಜೆ ಸಿಕ್ಕಿತೆಂದು ಒಂದು ಟೂರ್ ಬಸ್ಸು ಹತ್ತಿದ್ದೆ. ಯಾವ ಕಂಪನಿ ಅನ್ನೋದು ಬೇಡ. ಒಂದೇ ದಿನದಲ್ಲಿ ಆರು ಜಾಗ. ಈ ಹಳ್ಳಿಗೆ ಸಿಕ್ಕಿದ್ದು 25 ನಿಮಿಷ. ಇಳಿದೆವು, ಫೋಟೋ ತೆಗೆದೆವು, ಶೌಚಾಲಯಕ್ಕೆ ಹೋಗಿ ಬಂದೆವು, ಹತ್ತಿದೆವು. "ಚೆಂದದ ಹಳೇ ಮನೆಗಳು" ಅಂತ ಸ್ಟೇಟಸ್ ಹಾಕಿದ್ದೂ ನೆನಪಿದೆ. ಯಾರ ಮನೆ, ಯಾರು ಕಟ್ಟಿದರು, ಯಾಕೆ ಕಟ್ಟಿದರು, ಒಂದೂ ಗೊತ್ತಾಗಲಿಲ್ಲ.

ಮತ್ತೆ ಹೋಗಬೇಕು ಅನಿಸಿದ್ದು ನನ್ನ ವಾರ್ಡಿನಲ್ಲಿದ್ದ ಒಬ್ಬ ಅಜ್ಜಿಯಿಂದ. ಮರೆವಿನ ಕಾಯಿಲೆ ಇತ್ತು. ಹಗಲಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದವರು ರಾತ್ರಿಯಾದರೆ ಬೇರೇನೋ ಮಾತಾಡುತ್ತಿದ್ದರು. ಒಂದು ರಾತ್ರಿ ನನ್ನ ಕೈ ಹಿಡಿದುಕೊಂಡು "ಇಶ್ಕ, ಇಶ್ಕ" ಅಂತ ಮತ್ತೆ ಮತ್ತೆ ಕೇಳಿದರು. ನೋವಿರಬೇಕು ಎಂದುಕೊಂಡೆ. ಹೊದಿಕೆ ಸರಿಮಾಡಿದೆ, ದಿಂಬು ತಿರುಗಿಸಿದೆ, ಬಿಪಿ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ಬಂದ ಇಲ್ಲಿಯವಳೇ ಆದ ಇನ್ನೊಬ್ಬ ನರ್ಸ್ ಹೇಳಿದಳು: ಇಶ್ಕ ಅಂದರೆ ಐರಿಷ್ ಭಾಷೆಯಲ್ಲಿ ನೀರು. ಅಜ್ಜಿ ಕೇಳಿದ್ದು ಒಂದು ಲೋಟ ನೀರು ಅಷ್ಟೇ. ವಿಸ್ಕಿ ಅನ್ನೋ ಪದ ಕೂಡ ಅದೇ ಇಶ್ಕದಿಂದ ಬಂದದ್ದಂತೆ. ಅಜ್ಜಿಯ ಊರು ಗ್ಲೆನ್‌ಕಾಲಮ್‌ಕಿಲ್ ಕಡೆ ಎಂದು ಆಮೇಲೆ ತಿಳಿಯಿತು. ಆ ರಾತ್ರಿ ಮನೆಗೆ ಬಂದು ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಮೂರು ತಿಂಗಳಿಗೆಂದು ಬಂದಾಗ, ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗೇ.

ಲೆಟರ್‌ಕೆನಿಯಿಂದ ಕಾರಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಆರ್ಡರಾ ಊರು ದಾಟಿದ ಮೇಲೆ ಗ್ಲೆನ್‌ಗೆಶ್ ಘಾಟಿ ಸಿಗುತ್ತದೆ. ಆಗುಂಬೆ ಘಾಟಿ ಓಡಿಸಿ ಗೊತ್ತಿದ್ದವರಿಗೆ ಕಷ್ಟವಿಲ್ಲ, ಆದರೆ ಕುರಿಗಳು ರಸ್ತೆಯ ಮಧ್ಯೆ ಮಲಗಿರುತ್ತವೆ, ನಿಧಾನ. ಘಾಟಿಯ ಆಚೆ ಎಲ್ಲಾ ಬೋಳು ಗುಡ್ಡ, ಜೌಗು ನೆಲ. ಅಲ್ಲಲ್ಲಿ ಟರ್ಫ್ ಕಡಿದು ಒಣಗಲು ಗೂಡು ಕಟ್ಟಿಟ್ಟಿರುವುದು ಕಾಣುತ್ತದೆ. ಸಾವಿರಾರು ವರ್ಷ ಪಾಚಿ, ಗಿಡ, ಬೇರು ಎಲ್ಲಾ ನೀರಲ್ಲಿ ಕೊಳೆತು ಆದ ಕಪ್ಪು ಮಣ್ಣು ಅದು. ಉದ್ದನೆಯ ಗುದ್ದಲಿಯಲ್ಲಿ ಇಟ್ಟಿಗೆಯಾಕಾರಕ್ಕೆ ಕಡಿದು ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ಮರವೇ ಇಲ್ಲದ ಕಡೆ ಜನ ಬದುಕಿದ್ದು ಇದನ್ನು ನಂಬಿಕೊಂಡು.

ಇನ್ನೊಂದು ವಿಷಯ ಗಮನಿಸಿ. ಇದು ಗೇಲ್ಟಖ್ಟ್, ಅಂದರೆ ಐರಿಷ್ ಇನ್ನೂ ಮನೆಮಾತಾಗಿ ಉಳಿದಿರುವ ಪ್ರದೇಶ. ಹಾಗಾಗಿ ಇಲ್ಲಿ ಊರಿನ ಬೋರ್ಡುಗಳು ಐರಿಷಿನಲ್ಲಿ ಮಾತ್ರ. ನಿಮ್ಮ ಫೋನಿನ ಮ್ಯಾಪಿನಲ್ಲಿ ಒಂದು ಹೆಸರು, ಬೋರ್ಡಿನಲ್ಲಿ ಇನ್ನೊಂದು ಅಂತ ಗಾಬರಿಯಾಗಬೇಡಿ. ಗ್ಲ್ಯಾನ್ ಖೊಲಮ್ ಕಿಲ್ಯ ಅಂತ ಅವರು ಹೇಳುವಾಗ ಕೇಳಬೇಕು. ಕೊಲಮ್‌ಕಿಲ್ಯ ಸಂತನ ಕಣಿವೆ ಅಂತ ಅರ್ಥ.

ಈಗ ಮನೆಗಳಿಗೆ ಬರೋಣ. 18, 19 ಮತ್ತು 20ನೇ ಶತಮಾನದಲ್ಲಿ ಈ ಕಣಿವೆಯ ಜನ ಹೇಗೆ ಬದುಕಿದ್ದರೋ ಹಾಗೆ, ಒಂದೊಂದು ಕಾಲಕ್ಕೆ ಒಂದೊಂದು ಮನೆ ಕಟ್ಟಿ, ಒಳಗೆ ಆ ಕಾಲದ ಸಾಮಾನು ಇಟ್ಟಿದ್ದಾರೆ. ಮಡಕೆ, ಮಂಚ, ರಾಟೆ, ಮೀನಿನ ಬಲೆ, ದೇವರ ಪಟ. ಹಳ್ಳಿಯವರೇ ತಮ್ಮ ಮನೆಗಳಿಂದ ತಂದುಕೊಟ್ಟವು. ಹಳೇ ಮನೆಯಿಂದ ಹೊಸ ಮನೆಗೆ ನಡೆಯುತ್ತಾ ಹೋದರೆ ಕಿಟಕಿ ದೊಡ್ಡದಾಗುತ್ತಾ ಹೋಗುವುದು ಕಾಣುತ್ತದೆ. ಮೊದಲನೆಯದರಲ್ಲಿ ಮಣ್ಣಿನ ನೆಲ, ಒಳಗೆ ಕತ್ತಲು. ಆ ಕಾಲದ ಬಡವರ ಮನೆಗಳಲ್ಲಿ ಎಷ್ಟೋ ಕಡೆ ಚಿಮಣಿಯೇ ಇರುತ್ತಿರಲಿಲ್ಲ. ಹೊಗೆ ಬಾಗಿಲಿಂದಲೋ ಮಾಡಿನ ತೂತಿನಿಂದಲೋ ಹೋಗಬೇಕು. ಚಳಿಗಾಲದಲ್ಲಿ ದನವೂ ಅದೇ ಸೂರಿನಡಿ, ಒಂದು ಪಕ್ಕಕ್ಕೆ. ದನದ ಮೈಯ ಬಿಸಿಯೇ ಮನೆಗೂ ಬಿಸಿ.

ನನಗೆ ಅತ್ಯಂತ ಹಿಡಿಸಿದ್ದು ಒಲೆ. ಒಲೆಯ ಮೇಲೆ ಕಬ್ಬಿಣದ ತೋಳು, ಅದಕ್ಕೆ ಕೊಕ್ಕೆ, ಕೊಕ್ಕೆಗೆ ತೂಗುಹಾಕಿದ ಕರಿ ಕಡಾಯಿ. ತೋಳನ್ನು ಬಾಗಿಲಿನ ಹಾಗೆ ಈಚೆಗೆ ಎಳೆಯಬಹುದು, ಆಚೆಗೆ ತಳ್ಳಬಹುದು. ಒಲೆಯಲ್ಲಿ ಟರ್ಫ್ ಉರಿಯುತ್ತಿತ್ತು. ಜ್ವಾಲೆ ಕಡಿಮೆ, ಕೆಂಡವೇ ಜಾಸ್ತಿ. ಮಳೆಗಾಲದಲ್ಲಿ ಬಚ್ಚಲ ಒಲೆಯ ಪಕ್ಕ ಕೂತರೆ ಬರುತ್ತಲ್ಲ ಆ ವಾಸನೆಗೆ ಸ್ವಲ್ಪ ಹಸಿಮಣ್ಣಿನ ವಾಸನೆ ಸೇರಿಸಿಕೊಳ್ಳಿ, ಅಂಥದ್ದು. ಮೂರು ದಿನ ನನ್ನ ಸ್ವೆಟರಿನಲ್ಲಿ ಹಾಗೇ ಇತ್ತು. ಒಗೆಯಲು ಮನಸ್ಸಾಗಲಿಲ್ಲ.

ಗೈಡ್ ಹೇಳಿದರು, ರಾತ್ರಿ ಮಲಗುವ ಮುಂಚೆ ಮನೆಯ ಹೆಂಗಸು ಕೆಂಡವನ್ನೆಲ್ಲ ಒಟ್ಟುಮಾಡಿ ಮೇಲೆ ಬೂದಿ ಮುಚ್ಚುತ್ತಿದ್ದಳು, ಒಂದು ಪ್ರಾರ್ಥನೆ ಹೇಳುತ್ತಾ. ಬೆಳಿಗ್ಗೆ ಬೂದಿ ಸರಿಸಿದರೆ ಕೆಂಡ ಜೀವಂತ. ಒಲೆ ಆರಿಹೋಗುವುದು ಮನೆಗೆ ಒಳ್ಳೆಯದಲ್ಲ. ತಲೆಮಾರುಗಳಿಂದ ಒಲೆ ಆರದ ಮನೆಗಳಿದ್ದವಂತೆ. ಇದನ್ನು ಹೇಳುವಾಗ ಅವರು ಎರಡೂ ಅಂಗೈಗಳನ್ನು ಒಳಮುಖ ಮಾಡಿ ಬೂದಿ ಎಳೆಯುವ ಹಾಗೆ ತೋರಿಸಿದರು. ನಾನಿನ್ನೂ ಕನ್ನಡದಲ್ಲಿ ಹೇಳಿರಲಿಲ್ಲ, ಅಷ್ಟರಲ್ಲಿ ಅಮ್ಮನೂ ಅದೇ ರೀತಿ ಕೈ ಮಾಡಿ ತೋರಿಸಿದಳು. "ಬೂದಿ ಮುಚ್ಚಿ ಕೆಂಡ ಇಡೋದು ತಾನೇ? ನಿನ್ನ ಅಜ್ಜಿ ದಿನಾ ಮಾಡ್ತಿದ್ದರು. ಬೆಂಕಿಪೊಟ್ಟಣ ಉಳೀತದೆ ಅಂತ." ಅವರಿಬ್ಬರೂ ಒಲೆಯ ಮುಂದೆ ಎದುರುಬದುರು ನಿಂತು ಕೈಯಾಡಿಸುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ. ನಾನು ಆ ಹೊತ್ತಿಗೆ ಏನೂ ಅನುವಾದ ಮಾಡಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬೆಣ್ಣೆ ಕಡೆಯುವ ಮರದ ಕೊಳಗವೂ ಇತ್ತು. ನಿಂತುಕೊಂಡು ಕೋಲನ್ನು ಮೇಲೆ ಕೆಳಗೆ ಕುಟ್ಟಬೇಕು, ನಮ್ಮ ಕಡಗೋಲಿನ ಹಾಗೆ ಹಗ್ಗ ಎಳೆಯುವುದಲ್ಲ. ಬೆಣ್ಣೆ ಕಡೆಯುವಾಗ ಯಾರೇ ಮನೆಗೆ ಬಂದರೂ ನಾಲ್ಕು ಸಲ ಕೋಲು ಆಡಿಸಿಯೇ ಹೋಗಬೇಕಿತ್ತು. ಇಲ್ಲದಿದ್ದರೆ ಬಂದವರು ಬೆಣ್ಣೆಯ ಭಾಗ್ಯವನ್ನು ಕೊಂಡೊಯ್ಯುತ್ತಾರೆ ಅನ್ನೋ ಭಯ. ದೃಷ್ಟಿ ತಗಲೋದು ಅಂತ ಅಮ್ಮನಿಗೆ ಹೇಳಿದೆ, ಥಟ್ಟನೆ ಅರ್ಥವಾಯಿತು.

ಇದನ್ನೆಲ್ಲ ಕಟ್ಟಿಸಿದ ಮನುಷ್ಯನ ಕತೆ ಕೇಳದೆ ಈ ಜಾಗ ಅರ್ಥವಾಗುವುದಿಲ್ಲ. ಫಾದರ್ ಜೇಮ್ಸ್ ಮೆಕ್‌ಡಯರ್ ಈ ಹಳ್ಳಿಗೆ ಪಾದ್ರಿಯಾಗಿ ಬಂದದ್ದು 1951ರಲ್ಲಿ. ಆಗ ಇಲ್ಲಿ ಕರೆಂಟಿಲ್ಲ, ನಲ್ಲಿ ನೀರಿಲ್ಲ, ದುಡಿಯಲು ಏನೂ ಇಲ್ಲ. ಹುಡುಗರು ಹುಡುಗಿಯರು ದೊಡ್ಡವರಾದ ಕೂಡಲೇ ಸ್ಕಾಟ್ಲೆಂಡಿಗೋ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೊರಟುಬಿಡುತ್ತಿದ್ದರು. ಇವರಿಗೆ ಅದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಮೊದಲು ಜನರನ್ನು ಸೇರಿಸಿಕೊಂಡು ಸಮುದಾಯದ ಹಾಲ್ ಕಟ್ಟಿಸಿದರು. ಕರೆಂಟಿಗಾಗಿ, ನೀರಿಗಾಗಿ ಹೋರಾಡಿದರು. ಸಹಕಾರ ಸಂಘ ಮಾಡಿ ತರಕಾರಿ ಬೆಳೆಸಿದರು, ಸ್ವೆಟರ್ ಹೆಣೆಯುವ ಕೆಲಸ ತಂದರು. ಎಲ್ಲವೂ ಗೆಲ್ಲಲಿಲ್ಲ, ಕೆಲವು ಬಿದ್ದೂ ಹೋದವು. 1967ರಲ್ಲಿ ಈ ಫೋಕ್ ವಿಲೇಜ್ ತೆರೆಯಿತು. ನೋಡಲು ಬರುವವರಿಂದ ನಾಲ್ಕು ಮನೆಗೆ ಕೆಲಸ ಸಿಗಲಿ, ನಾಲ್ಕು ಮಕ್ಕಳು ಊರಲ್ಲೇ ಉಳಿಯಲಿ ಅಂತ. ಅವರು 1987ರಲ್ಲಿ ತೀರಿಕೊಂಡರು. ಊರವರೇ ನಡೆಸುತ್ತಿದ್ದ ಅವರ ಹಳ್ಳಿ ಇವತ್ತೂ ನಡೆಯುತ್ತಿದೆ.

ಊರು ಬಿಟ್ಟು ಬಂದವಳು ನಾನು. ನಮ್ಮೂರಿನಲ್ಲೂ ಬೀಗ ಹಾಕಿದ ಮನೆಗಳು ಜಾಸ್ತಿಯಾಗುತ್ತಿವೆ. ಹಾಗಾಗಿ ಆ ಗೋಡೆಗೆ ಒರಗಿ ನಿಂತು ಈ ಕತೆ ಕೇಳುವಾಗ ನನಗೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿಯೇ ತಟ್ಟಿರಬಹುದು. ಆದರೂ ಹೇಳುತ್ತೇನೆ, ರಾಜನ ಕೋಟೆಗಿಂತ ಇಂಥದ್ದನ್ನು ಕಾಪಾಡುವುದು ದೊಡ್ಡ ಕೆಲಸ.

ಬರಗಾಲದ ವಿಷಯವನ್ನೂ ಗೈಡ್ ಸುಮ್ಮನೆ ಹಾಯಿಸಿಬಿಡಲಿಲ್ಲ. 1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ಬಂತು. ಬಡವರು ಮೂರು ಹೊತ್ತೂ ತಿನ್ನುತ್ತಿದ್ದದ್ದು ಅದೊಂದನ್ನೇ. ಕೆಲವೇ ವರ್ಷಗಳಲ್ಲಿ ದೇಶದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಆಗ ಅಮೆರಿಕದಿಂದ ತರಿಸಿ ಕೊಟ್ಟ ಮೆಕ್ಕೆಜೋಳದ ಹಿಟ್ಟಿಗೆ ಇಲ್ಲಿ 'ಇಂಡಿಯನ್ ಮೀಲ್' ಅಂತ ಹೆಸರು. ಇಂಡಿಯನ್ ಅನ್ನೋ ಮಾತು ಕಿವಿಗೆ ಬಿದ್ದು ಅಮ್ಮ, "ನಮ್ಮ ಕಡೆಯಿಂದ ಕಳಿಸಿದ್ದಾ?" ಅಂತ ಕೇಳಿದಳು. ಅಲ್ಲಮ್ಮ, ಅಮೆರಿಕದ ಮೂಲನಿವಾಸಿಗಳನ್ನೂ ಇಂಡಿಯನ್ನರು ಅಂತಿದ್ದರು, ಅವರ ಜೋಳ ಅಂತ ಆ ಹೆಸರು ಎಂದೆ. ಅಮೆರಿಕಕ್ಕೆ ಹೊರಟವರಿಗೆ ಹಿಂದಿನ ರಾತ್ರಿ ಮನೆಯಲ್ಲಿ ಹಾಡು, ಕುಣಿತ, ಊಟ ಇರುತ್ತಿತ್ತು. ಅದಕ್ಕೆ ಸಾವಿನ ಜಾಗರಣೆಯ ಹೆಸರನ್ನೇ ಇಟ್ಟಿದ್ದರು. ಹೋದವರ ಮುಖ ಮತ್ತೆ ನೋಡುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತಲ್ಲ.

ಇನ್ನು ಕೂಲಿ ಸಂತೆ. ಪಶ್ಚಿಮ ಡೊನೆಗಾಲಿನ ಬಡ ಹಳ್ಳಿಗಳ ಮಕ್ಕಳು ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ, ಪೂರ್ವದ ಪಟ್ಟಣಗಳ ಸಂತೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಆ ಕಡೆಯ ಫಲವತ್ತಾದ ಜಮೀನಿನ ರೈತರು ಬಂದು ನೋಡಿ, ಮಾತಾಡಿ, ಆರು ತಿಂಗಳಿಗೆ ದುಡಿಯಲು ಕರೆದೊಯ್ಯುತ್ತಿದ್ದರು. ಹತ್ತು ಹನ್ನೆರಡು ವರ್ಷದ ಮಕ್ಕಳೂ ಇರುತ್ತಿದ್ದರು. ಅಂಥ ಒಂದು ಸಂತೆ ನಡೆಯುತ್ತಿದ್ದದ್ದು ನಮ್ಮ ಲೆಟರ್‌ಕೆನಿಯಲ್ಲೇ. ಅಲ್ಲಿ ಮಾರ್ಕೆಟ್ ಸ್ಕ್ವೇರಿನಲ್ಲಿ ಮಕ್ಕಳ ಶಿಲ್ಪ ಇದೆ. ಡ್ಯೂಟಿ ಮುಗಿಸಿ ತರಕಾರಿ ತರಲು ಹೋಗುವಾಗ ಎಷ್ಟು ಸಲ ಅದರ ಪಕ್ಕದಲ್ಲೇ ನಡೆದಿದ್ದೇನೋ. ಆಟ ಆಡುವ ಮಕ್ಕಳಿರಬೇಕು ಎಂದುಕೊಂಡಿದ್ದೆ. ಕೂಲಿಗೆ ನಿಂತ ಮಕ್ಕಳು ಅವರು. ಈಗ ಆ ದಾರಿಯಲ್ಲಿ ಹೋದರೆ ಒಂದು ನಿಮಿಷ ನಿಲ್ಲುತ್ತೇನೆ.

ಶಾಲೆಯ ಮನೆಯನ್ನು ಬಿಡಬೇಡಿ. ಇಳಿಜಾರು ಡೆಸ್ಕು, ಮಸಿ ಕುಡಿಕೆಯ ತೂತು, ಗೋಡೆಗೆ ಮ್ಯಾಪು. 1831ರಿಂದ ಬ್ರಿಟಿಷ್ ಸರ್ಕಾರ ಐರ್ಲೆಂಡಿನ ತುಂಬಾ ಶಾಲೆಗಳನ್ನು ಶುರುಮಾಡಿತು, ಇಂಗ್ಲಿಷ್ ಮಾಧ್ಯಮದಲ್ಲಿ. ಆ ಕಾಲದಲ್ಲಿ ಎಷ್ಟೋ ಕಡೆ ಮಕ್ಕಳ ಕುತ್ತಿಗೆಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತಾಡಿದರೆ ಕೋಲಿಗೆ ಒಂದು ಗೀರು. ಸಂಜೆ ಗೀರು ಎಣಿಸಿ ಅಷ್ಟು ಏಟು. ನನಗೆ ಗಂಟಲು ಕಟ್ಟಿತು. ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ ಇತ್ತು. ಮೆಲ್ಲಗೆ ಅಮ್ಮನಿಗೆ ಹೇಳಿದೆ. "ಗೊತ್ತು. ನಿನ್ನ ದಂಡ ಎಲ್ಲಾ ನಾನೇ ಕಟ್ಟಿದ್ದಲ್ವಾ" ಅಂದಳು, ಡೆಸ್ಕಿನ ಧೂಳನ್ನು ಸೆರಗಿನಿಂದ ಒರೆಸುತ್ತಾ.

ಆದರೆ ಕತೆ ಅಲ್ಲಿಗೇ ನಿಂತಿಲ್ಲ. ಇದೇ ಹಳ್ಳಿಯಲ್ಲಿ 1984ರಿಂದ ಒಯ್ಜಸ್ ಗೇಲ್ ಅನ್ನೋ ಸಂಸ್ಥೆ ದೊಡ್ಡವರಿಗೆ ಐರಿಷ್ ಕಲಿಸುತ್ತಿದೆ. ಬೇರೆ ಬೇರೆ ದೇಶಗಳಿಂದ ಬಂದು ಒಂದು ವಾರ ಉಳಿದು ಕಲಿಯುತ್ತಾರೆ. ಐರ್ಲೆಂಡಿನ ಅಧ್ಯಕ್ಷೆಯಾಗಿದ್ದ ಮೇರಿ ಮೆಕಲೀಸ್ ಕೂಡ ಇಲ್ಲಿ ಬಂದು ಕಲಿತವರು. ನಾನೂ ವಾರಾಂತ್ಯದ ಒಂದು ಕ್ಲಾಸಿಗೆ ಸೇರಬೇಕು ಅಂತಿದ್ದೇನೆ. ನೀರು, ನೋವು, ಚಳಿ, ಅಮ್ಮ, ಮನೆ, ಇಷ್ಟು ಪದ ಬಂದರೂ ಸಾಕು, ರಾತ್ರಿ ಪಾಳಿಯಲ್ಲಿ ಬೇಕಾಗುತ್ತದೆ.

ಊಟದ ವಿಷಯ. ಅಲ್ಲೇ ಟೀ ಮನೆ ಇದೆ. ಸಸ್ಯಾಹಾರಿಗಳಿಗೆ ದೊಡ್ಡ ಪಟ್ಟಿಯೇನೂ ಸಿಗದು, ಆದರೆ ಹೊಟ್ಟೆ ತುಂಬುತ್ತದೆ. ಕಂದು ಬಣ್ಣದ ಸೋಡಾ ಬ್ರೆಡ್ಡು, ಬೆಣ್ಣೆ, ಗಟ್ಟಿ ಚಹಾ. ಈ ಬ್ರೆಡ್ಡಿಗೆ ಯೀಸ್ಟ್ ಹಾಕುವುದಿಲ್ಲ, ಅಡಿಗೆ ಸೋಡಾ ಮತ್ತು ಮಜ್ಜಿಗೆ ಹಾಕಿ ಉಬ್ಬಿಸುತ್ತಾರೆ. ಮಜ್ಜಿಗೆ ಅಂದ ಕೂಡಲೇ ಅಮ್ಮ ಇನ್ನೊಂದು ತುಂಡು ತೆಗೆದುಕೊಂಡಳು. ಐರ್ಲೆಂಡಿನಲ್ಲಿ ಎಲ್ಲೇ ತರಕಾರಿ ಸೂಪ್ ಕೊಂಡರೂ ಕೋಳಿಯ ರಸ ಹಾಕಿದ್ದಾರಾ ಅಂತ ಒಮ್ಮೆ ಕೇಳಿ, ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ. ಪಕ್ಕದ ಅಂಗಡಿಯಲ್ಲಿ ಕೈಕೆಲಸದ ಸಾಮಾನುಗಳಿವೆ, ಉಣ್ಣೆಯ ಟೋಪಿ, ಸ್ವೆಟರ್. ಬೆಲೆ ಜಾಸ್ತಿ ಅನಿಸಬಹುದು. ಟಿಕೆಟ್ ಹಾಗಲ್ಲ, ಯಾರಿಗೂ ಭಾರವಾಗುವಂಥದ್ದಲ್ಲ.

ಫೋಕ್ ವಿಲೇಜ್ ಮುಗಿಸಿ ಹಾಗೇ ಹಿಂತಿರುಗಬೇಡಿ. ಇದೇ ಕಣಿವೆಯಲ್ಲಿ ಕೊಲಮ್‌ಕಿಲ್ಯ ಸಂತನ ಹೆಸರಿನ ಯಾತ್ರೆಯ ದಾರಿ ಇದೆ, ತುರಸ್ ಅನ್ನುತ್ತಾರೆ. ಸಂತ ಹುಟ್ಟಿದ್ದು 521ರಲ್ಲಿ, ಲೆಟರ್‌ಕೆನಿಯ ಹತ್ತಿರದ ಗಾರ್ಟನ್‌ನಲ್ಲಿ. ತೀರಿಕೊಂಡದ್ದು 597ರಲ್ಲಿ, ಸ್ಕಾಟ್ಲೆಂಡಿನ ಐಯೋನಾ ದ್ವೀಪದಲ್ಲಿ. ಆ ದಿನ ಜೂನ್ 9. ಅವತ್ತು ಜನ ಬರಿಗಾಲಲ್ಲಿ, ಸೂರ್ಯ ಹುಟ್ಟುವ ಮುಂಚೆಯೇ ನಡೆದು ಮುಗಿಸುತ್ತಾರೆ. ಒಟ್ಟು 15 ನಿಲ್ದಾಣ, ಸುಮಾರು 5 ಕಿಲೋಮೀಟರ್. ಹೊಲದ ನಡುವೆ, ರಸ್ತೆಯ ಬದಿ, ಯಾರದೋ ಮನೆಯ ಹಿತ್ತಲಿನ ಪಕ್ಕ, ಶಿಲುಬೆ ಮತ್ತು ಹೆಣಿಗೆಯಂಥ ಗೆರೆಗಳನ್ನು ಕೆತ್ತಿದ ಕಲ್ಲುಗಳು ನಿಂತಿವೆ. ಸಾವಿರ ವರ್ಷಕ್ಕಿಂತ ಹಳೆಯವು. ಯಾತ್ರೆ ಶುರುವಾಗುವ ಜಾಗದ ಕಲ್ಲಿನ ಸಮಾಧಿ ಕ್ರೈಸ್ತ ಧರ್ಮಕ್ಕಿಂತಲೂ ಎಷ್ಟೋ ಹಿಂದಿನದು. ಒಂದು ಕಲ್ಲಿನ ಮೇಲ್ಭಾಗದಲ್ಲಿ ತೂತಿದೆ. ಮನಸ್ಸು ಶುದ್ಧವಿದ್ದವರು ಅದರಲ್ಲಿ ಕಣ್ಣಿಟ್ಟರೆ ಪರಲೋಕ ಕಾಣುತ್ತದೆ ಅನ್ನೋ ನಂಬಿಕೆ.

ಕಲ್ಲುಗಳನ್ನು ಸೂರ್ಯ ಹೋಗುವ ದಿಕ್ಕಿನಲ್ಲಿ, ಬಲಕ್ಕೆ, ಮೂರು ಸುತ್ತು ಬರಬೇಕು. "ಪ್ರದಕ್ಷಿಣೆ" ಅಂದಳು ಅಮ್ಮ. ಯಾರೂ ಹೇಳದೆಯೇ ಚಪ್ಪಲಿ ಬಿಟ್ಟಳು. ಹುಲ್ಲು ಒದ್ದೆ, ಕುರಿ ಹಿಕ್ಕೆ ಬೇರೆ. ಬೇಡಮ್ಮ ಚಳಿ ಅಂದರೂ ಕೇಳಲಿಲ್ಲ. ಮೂರು ಸುತ್ತು ಬಂದು ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಸಂತನ ಬಾವಿ ಮಾತ್ರ ಗುಡ್ಡದ ಮೇಲಿದೆ. ಯಾತ್ರೆಗೆ ಬಂದವರು ಒಬ್ಬೊಬ್ಬರೂ ಮೂರು ಕಲ್ಲು ಹೊತ್ತು ತಂದು ಅಲ್ಲಿ ಹಾಕುವುದು ಪದ್ಧತಿ. ನೂರಾರು ವರ್ಷಗಳಿಂದ ಬಿದ್ದ ಕಲ್ಲು ಈಗ ದೊಡ್ಡ ರಾಶಿಯಾಗಿದೆ, ಕೆಳಗಿನಿಂದಲೇ ಕಾಣುತ್ತದೆ. ಅಮ್ಮನ ಮಂಡಿ ಅಷ್ಟು ಹತ್ತಲು ಬಿಡಲಿಲ್ಲ.

ಹೋಗುವವರಿಗೆ ನಾಲ್ಕು ಮಾತು. ಬೇಸಿಗೆಯ ತಿಂಗಳುಗಳಲ್ಲೇ ಹೋಗಿ, ಚಳಿಗಾಲದಲ್ಲಿ ಫೋಕ್ ವಿಲೇಜ್ ಮುಚ್ಚಿರುತ್ತದೆ. ಗೈಡ್ ಇರುವ ಹೊತ್ತು ನೋಡಿಕೊಂಡೇ ಹೋಗಿ. ಬೋರ್ಡು ಓದಿಕೊಂಡು ಒಬ್ಬರೇ ಸುತ್ತಬಹುದು, ಆದರೆ ಊರವರ ಬಾಯಿಂದ ಕೇಳುವುದೇ ಬೇರೆ. ಜೂನಿನಲ್ಲೂ ರೇನ್‌ಕೋಟು, ಸ್ವೆಟರು ಎರಡೂ ಇರಲಿ. ಕೊಡೆ ತರಬೇಡಿ, ಆ ಗಾಳಿಗೆ ನಿಲ್ಲುವುದಿಲ್ಲ. ಸಮಯ ಇದ್ದರೆ ಮ್ಯಾಲಿನ್ ಬೆಗ್‌ನ ಬಿಳಿ ಮರಳಿನ ತೀರ ಹತ್ತಿರದಲ್ಲೇ ಇದೆ. ನೂರಕ್ಕೂ ಜಾಸ್ತಿ ಮೆಟ್ಟಿಲು ಇಳಿಯಬೇಕು. 601 ಮೀಟರ್ ಎತ್ತರದ ಸ್ಲೀವ್ ಲೀಗ್ ಸಮುದ್ರಬಂಡೆಗಳೂ ದೂರವಿಲ್ಲ. ಅದನ್ನು ಎಲ್ಲರೂ ಬರೆಯುತ್ತಾರೆ, ನಾನು ಬೇರೆ ಬರೆಯುವುದಿಲ್ಲ. ಒಂದು ರಾತ್ರಿ ಉಳಿದರೆ ಇನ್ನೂ ಒಳ್ಳೆಯದು. ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕು.

ಅಮ್ಮ ಊರಿಗೆ ಹೋಗಿ ಆರು ತಿಂಗಳಾಯಿತು. ಮುಂದಿನ ಜೂನ್ 9ಕ್ಕೆ ನಾನು ಈಗಲೇ ರಜೆ ಹಾಕಿಟ್ಟಿದ್ದೇನೆ. ನಿನ್ನೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ: ಬಾವಿಗೆ ಹಾಕುವ ಮೂರು ಕಲ್ಲು ನಿನ್ನದು, ನನ್ನ ಮೂರು ಬೇರೆ ಹೊತ್ತುಕೊಂಡು ಹೋಗ್ತೀಯಲ್ವಾ?